ಚಕ್ ಹತ್ತಿರ ತಿಂದ ಲೇತ್ ಬೆಡ್: ಸ್ಕ್ರೇಪರ್ ಹಿಡಿಯುವ ಮುಂಚೆ ಲೆವೆಲ್ ಇಡಿ

ಪ್ರಶ್ನೆ: ಸಕಲೇಶಪುರದ ಹತ್ತಿರ, ಮನೆ ಹಿಂದಿನ ಶೆಡ್ಡಿನಲ್ಲಿ ನಾಲ್ಕೂವರೆ ಅಡಿ ಬೆಡ್ಡಿನ ಹಳೆಯ ಕೋನ್ ಪುಲ್ಲಿ ಲೇತ್ ಇಟ್ಟುಕೊಂಡಿದ್ದೇನೆ. ಕಾಫಿ ಪಲ್ಪರ್ ಶಾಫ್ಟ್, ಪಂಪಿನ ಬುಷ್ ಇಂಥ ಕೆಲಸ. 40 ಮಿ.ಮೀ. ಶಾಫ್ಟನ್ನು ಚಕ್ (ಎಡಗಡೆ ಹಿಡಿದು ತಿರುಗಿಸುವ ಭಾಗ) ಮತ್ತು ಟೇಲ್‌ಸ್ಟಾಕ್ (ಬಲಗಡೆಯ ಆಸರೆ) ಸೆಂಟರ್ ನಡುವೆ ಹಿಡಿದು 300 ಮಿ.ಮೀ. ಉದ್ದ ತೆಗೆದರೆ ಚಕ್ ಕಡೆ 0.12 ಮಿ.ಮೀ. ದಪ್ಪ ಬರುತ್ತದೆ. ಟೂಲ್ ಹೊತ್ತು ಬೆಡ್ ಮೇಲೆ ಓಡುವ ಸ್ಯಾಡಲ್ ಚಕ್ ಹತ್ತಿರ ಅಲುಗಾಡುತ್ತದೆಂದು ಬಿಗಿ ಮಾಡಿದರೆ ಟೇಲ್‌ಸ್ಟಾಕ್ ಕಡೆ ಹೋಗಿ ಕಚ್ಚಿಕೊಳ್ಳುತ್ತದೆ. ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಸ್ಯಾಡಲ್ ಓಡಾಡಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಮನೆಯಲ್ಲೇ ಬೆಡ್ ಸ್ಕ್ರೇಪಿಂಗ್ (ಎತ್ತರದ ಜಾಗಗಳನ್ನು ಕೆರೆದು ನೇರ ಮಾಡುವುದು) ಮಾಡಬಹುದೇ?

ಉತ್ತರ: ಗ್ರೈಂಡಿಂಗ್ ಪೇಸ್ಟ್ ಡಬ್ಬಿಯನ್ನು ಮೊದಲು ಶೆಡ್ಡಿನಿಂದ ಹೊರಗಿಡಿ. ಉಳಿದದ್ದನ್ನು ನಿಧಾನವಾಗಿ ನೋಡಬಹುದು.

ಪೇಸ್ಟಿನ ಹರಳುಗಳು ಬೀಡು ಕಬ್ಬಿಣದ ಮೃದು ಭಾಗದಲ್ಲಿ ನಾಟಿಕೊಳ್ಳುತ್ತವೆ. ಸೀಮೆಎಣ್ಣೆಯಲ್ಲಿ ಎಷ್ಟು ತೊಳೆದರೂ ಪೂರ್ತಿ ಬರುವುದಿಲ್ಲ, ಆಮೇಲೆ ವರ್ಷಗಟ್ಟಲೆ ಬೆಡ್ಡನ್ನೂ ಸ್ಯಾಡಲನ್ನೂ ತಿನ್ನುತ್ತಲೇ ಇರುತ್ತವೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಒಂದರ ಮೇಲೊಂದು ಉಜ್ಜಿದ ಎರಡು ಮೇಲ್ಮೈಗಳು ಪರಸ್ಪರ ಹೊಂದಿಕೊಳ್ಳುತ್ತವೆಯೇ ಹೊರತು ನೇರವಾಗುವುದಿಲ್ಲ. ಒಂದು ಗುಳಿ ಬಿದ್ದರೆ ಇನ್ನೊಂದು ಉಬ್ಬಿ ಆ ಗುಳಿಗೆ ಸರಿಯಾಗಿ ಕೂರುತ್ತದೆ, ಎಲ್ಲಿ ತಾಗುತ್ತದೆ ಎಂದು ತೋರಿಸುವ ನೀಲಿ ಬಣ್ಣ (ಬ್ಲೂ) ಹಾಕಿ ನೋಡಿದರೂ ಪೂರ್ತಿ ಹತ್ತಿದಂತೆ ಕಾಣುತ್ತದೆ. ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ 1840ರಲ್ಲಿ ಪೇಸ್ಟಿನಿಂದ ಉಜ್ಜುವುದನ್ನು ಬಿಟ್ಟು ಸ್ಕ್ರೇಪರ್ ಹಿಡಿಯಿರಿ, ಎರಡಲ್ಲ ಮೂರು ಪ್ಲೇಟುಗಳನ್ನು ಒಂದಕ್ಕೊಂದು ಹೋಲಿಸಿ ಎಂದು ವಾದಿಸಿದ್ದು ಇದೇ ಕಾರಣಕ್ಕೆ. ನಿಮ್ಮ ಸ್ಯಾಡಲ್ ಈಗಾಗಲೇ ಬೆಡ್ಡಿನ ಗುಳಿಗೆ ತಕ್ಕಂತೆ ಉಬ್ಬಿ ಕೂತಿರುತ್ತದೆ. ಪೇಸ್ಟ್ ಅದನ್ನು ಇನ್ನಷ್ಟು ಕೆಡಿಸುತ್ತದೆ, ಅಷ್ಟೇ.

ಸ್ಕ್ರೇಪಿಂಗ್ ಮನೆಯಲ್ಲಿ ಮಾಡಬಹುದು. ಆದರೆ 0.12 ಟೇಪರ್ (ಒಂದು ತುದಿ ದಪ್ಪ, ಇನ್ನೊಂದು ಸಣ್ಣ ಬರುವುದು) ಪೂರ್ತಿ ಬೆಡ್ ಸವೆತದಿಂದಲೇ ಬಂದಿದೆ ಎಂದು ಇವತ್ತೇ ಒಪ್ಪಿಕೊಳ್ಳಬೇಡಿ.

ಬೆಡ್ ಸವೆತ ಟೇಪರ್ ಆಗುವುದು ಹೇಗೆ ಎಂದು ಲೆಕ್ಕ ಹಾಕಿ. ಸ್ಯಾಡಲ್ ಓಡುವ ಎರಡೂ ದಾರಿಗಳು, ಅಂದರೆ ಮುಂದಿನ ವೀ (V) ಆಕಾರದ ಏಣು ಮತ್ತು ಹಿಂದಿನ ಫ್ಲಾಟ್, ಸಮನಾಗಿ 0.1 ಮಿ.ಮೀ. ಇಳಿದಿದ್ದರೆ ಟೂಲ್ ನೇರ ಕೆಳಗೆ ಇಳಿಯುತ್ತದೆ, 40 ಮಿ.ಮೀ. ಶಾಫ್ಟಿನ ವ್ಯಾಸದಲ್ಲಿ ಅದರ ಪರಿಣಾಮ ಸುಮಾರು ಅರ್ಧ ಮೈಕ್ರಾನ್, ಲೆಕ್ಕಕ್ಕೇ ಇಲ್ಲ. ಕೆಡಿಸುವುದು ಮುಂದಿನ ವೀ ದಾರಿ ಮಾತ್ರ ಹೆಚ್ಚು ಇಳಿದಾಗ. ಚಿಪ್ಸ್ ಬೀಳುವುದು ಅಲ್ಲಿ, ಟೂಲಿನ ಒತ್ತಡ ಬೀಳುವುದು ಅಲ್ಲಿ, ಏಪ್ರನ್ (ಸ್ಯಾಡಲ್ ಮುಂದೆ ತೂಗುವ ಗೇರ್ ಪೆಟ್ಟಿಗೆ) ತೂಕ ಇರುವುದೂ ಅದೇ ಕಡೆ. ಮುಂದಿನ ದಾರಿ ಇಳಿದರೆ ಸ್ಯಾಡಲ್ ನಿಮ್ಮ ಕಡೆಗೆ ವಾಲುತ್ತದೆ, ಟೂಲ್ ಜಾಬಿನಿಂದ (ತಿರುಗುವ ತುಂಡಿನಿಂದ) ಹಿಂದೆ ಸರಿಯುತ್ತದೆ, ಚಕ್ ಹತ್ತಿರ ದಪ್ಪ ಉಳಿಯುತ್ತದೆ. ಸೆಂಟರ್ ಎತ್ತರ 165 ಮಿ.ಮೀ., ಎರಡು ದಾರಿಗಳ ನಡುವಿನ ಅಂತರ 250 ಮಿ.ಮೀ. ಎಂದುಕೊಂಡರೆ, ತ್ರಿಜ್ಯದಲ್ಲಿ 0.06 ವ್ಯತ್ಯಾಸಕ್ಕೆ ಮುಂದಿನ ವೀ ಹಿಂದಿನ ಫ್ಲಾಟ್‌ಗಿಂತ ಸುಮಾರು 0.09 ಮಿ.ಮೀ. ಕೆಳಗಿರಬೇಕು. ನಿಮ್ಮ ಲೇತಿನ ಅಳತೆ ಹಾಕಿ ಇದೇ ಲೆಕ್ಕ ಮಾಡಿಟ್ಟುಕೊಳ್ಳಿ. ಮುಂದೆ ಅಳೆದಾಗ ಸಂಖ್ಯೆ ತಾಳೆಯಾಗದಿದ್ದರೆ ದೋಷ ಬೇರೆ ಕಡೆ ಇದೆ ಎಂದರ್ಥ.

ಮೊದಲ ಬೇರೆ ಕಡೆ ಟೇಲ್‌ಸ್ಟಾಕ್. ಸೆಂಟರ್ ನಿಮ್ಮ ಕಡೆಗೆ 0.06 ಸರಿದಿದ್ದರೂ ಇದೇ 0.12 ಟೇಪರ್ ಬರುತ್ತದೆ. ಹಾಗಾಗಿ ಟೇಲ್‌ಸ್ಟಾಕನ್ನು ದೂರ ಸರಿಸಿ, 50 ಮಿ.ಮೀ. ರಾಡನ್ನು ಚಕ್ಕಿನಲ್ಲಿ ಮಾತ್ರ ಹಿಡಿದು 150 ಮಿ.ಮೀ. ಹೊರಗೆ ಬಿಡಿ. ಮಧ್ಯವನ್ನು ಒಂದು ಮಿಲಿಮೀಟರ್ ತಗ್ಗಿಸಿ ಎರಡು ತುದಿಯಲ್ಲಿ 15 ಮಿ.ಮೀ. ಅಗಲದ ಕಾಲರ್ ಉಳಿಸಿ, ಚೂಪಾದ ಟೂಲಿನಲ್ಲಿ 0.1 ಮಿ.ಮೀ. ಕಟ್ ಕೊಟ್ಟು, ಟೂಲನ್ನು ಅಡ್ಡಲಾಗಿ ಸರಿಸುವ ಕ್ರಾಸ್ ಸ್ಲೈಡ್ ಮುಟ್ಟದೆ ಎರಡೂ ಕಾಲರ್ ತೆಗೆದು ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. ಇಲ್ಲಿ ಟೇಪರ್ ಮಾಯವಾದರೆ ನಿಮ್ಮ ರೋಗದ ದೊಡ್ಡ ಪಾಲು ಟೇಲ್‌ಸ್ಟಾಕಿನದು.

ಎರಡನೆಯದು ಬೆಡ್ಡಿನ ತಿರುಚು. ಈ ಗಾತ್ರದ ಬೆಡ್ ನೋಡಲು ಬಂಡೆಯಂತಿದ್ದರೂ ಒಂದು ಕಾಲಿನ ಕೆಳಗೆ ತೆಳು ತಗಡು ಕಡಿಮೆಯಾದರೆ ಸಾಕು, ತಿರುಚಿಕೊಳ್ಳುತ್ತದೆ. ಇದಕ್ಕೆ ಮೀಟರಿಗೆ 0.02 ಮಿ.ಮೀ. ಸೂಕ್ಷ್ಮತೆಯ ಪ್ರಿಸಿಷನ್ ಲೆವೆಲ್ ಬೇಕೇ ಬೇಕು. ಗಾರೆ ಕೆಲಸದವರ ಲೆವೆಲ್ ಇಲ್ಲಿ ಉಪಯೋಗಕ್ಕಿಲ್ಲ, ಇದು ನೂಲು ಲೆಕ್ಕದ ಕೆಲಸವಲ್ಲ. ಮೇಲಿನ ಅಳತೆಯ ಲೇತಿನಲ್ಲಿ 0.06 ವ್ಯತ್ಯಾಸ ಕೊಡುವ ತಿರುಚು ಮೀಟರಿಗೆ 0.36 ಮಿ.ಮೀ., ಅಂದರೆ ಈ ಲೆವೆಲ್‌ನಲ್ಲಿ 18 ಗೆರೆ. ಕಣ್ಣಿಗೆ ರಾಚುವಷ್ಟು.

ಬಹಳ ಜನ ಎಡವುವುದು ಲೆವೆಲ್ ಇಡುವ ಜಾಗದಲ್ಲಿ. ಕ್ರಾಸ್ ಸ್ಲೈಡ್ ಮೇಲೆ ಅಡ್ಡಲಾಗಿ ಇಟ್ಟು ಸ್ಯಾಡಲ್ ಓಡಿಸಿದರೆ ಗುಳ್ಳೆ ಸರಿಯುತ್ತದೆ ನಿಜ, ಆದರೆ ಅದು ತಿರುಚೋ ಸವೆತವೋ ಗೊತ್ತಾಗುವುದಿಲ್ಲ. ಒಳಗಿನ ಟೇಲ್‌ಸ್ಟಾಕ್ ದಾರಿಗಳು ಬಹುತೇಕ ಸವೆದಿರುವುದಿಲ್ಲ. ಅವುಗಳ ಮೇಲೆ ಅಡ್ಡಲಾಗಿ ಕೂರುವ ಒಂದು ಚಿಕ್ಕ ಸೇತುವೆ ಮಾಡಿಕೊಳ್ಳಿ: ಒಂದು ಕಡೆ ವೀಗೆ ಕೂರುವ ಪಾದ, ಇನ್ನೊಂದು ಕಡೆ ಫ್ಲಾಟ್ ಮೇಲೆ ಕೂರುವ ಬಟನ್‌ನಂಥ ಪಾದ, ಮೇಲೆ ಲೆವೆಲ್ ಇಡಲು ಸಮತಟ್ಟು ಜಾಗ. ಈ ಸೇತುವೆ ಹೆಡ್‌ಸ್ಟಾಕ್ (ಚಕ್ ತಿರುಗಿಸುವ ಎಡಭಾಗ) ಬಳಿಯೂ ಟೇಲ್‌ಸ್ಟಾಕ್ ತುದಿಯಲ್ಲೂ ಒಂದೇ ಓದು ತೋರಿಸುವವರೆಗೆ ಕಾಲಿನ ಜ್ಯಾಕ್ ಬೋಲ್ಟುಗಳನ್ನು ಹೊಂದಿಸಿ. ಬೋಲ್ಟ್ ಬಿಗಿ ಮಾಡಿದ ಮೇಲೆ ಮತ್ತೆ ನೋಡಿ, ಒಂದು ರಾತ್ರಿ ಬಿಟ್ಟು ಇನ್ನೊಮ್ಮೆ ನೋಡಿ. ತಿರುಚು ಹೋದ ಮೇಲೂ ಸ್ಯಾಡಲ್ ಮೇಲಿನ ಲೆವೆಲ್ ಸರಿಯುತ್ತಿದ್ದರೆ ಅದು ಸವೆತ.

ಮಲೆನಾಡಿನ ಶೆಡ್ಡುಗಳಿಗೆ ಒಂದು ಮಾತು. ಮಳೆಗಾಲದಲ್ಲಿ ನೆನೆದು ಬೇಸಿಗೆಯಲ್ಲಿ ಒಣಗುವ ಮಣ್ಣಿನ ಮೇಲಿನ ತೆಳು ಗಾರೆ ನೆಲ ಒಂದೇ ಕಡೆ ನಿಲ್ಲುವುದಿಲ್ಲ. ಲೇತ್ ಕೆಳಗೆ ಮಾತ್ರ ನೆಲ ಒಡೆದು, ಮಣ್ಣು ದಮ್ಮಸ್ಸು ಮಾಡಿ, ಕಬ್ಬಿಣ ಕಟ್ಟಿದ 150ರಿಂದ 200 ಮಿ.ಮೀ. ಕಾಂಕ್ರೀಟ್ ಹಾಕಿ, 28 ದಿನ ಬಿಟ್ಟು ಲೇತ್ ಕೂರಿಸಿ. ಇದನ್ನು ಮಾಡದೆ ಸ್ಕ್ರೇಪಿಂಗ್ ಶುರು ಮಾಡಿದರೆ ತಿರುಚಿದ ಬೆಡ್ಡನ್ನೇ ನೇರವೆಂದು ಕೆರೆದಂತಾಗುತ್ತದೆ.

ನಿಮ್ಮ ಲೇತಿನಲ್ಲಿ ಸ್ವಲ್ಪವಾದರೂ ಸವೆತ ಇದೆ ಎಂಬುದಕ್ಕೆ ಸಾಕ್ಷಿ ಆ ಕಚ್ಚಿಕೊಳ್ಳುವಿಕೆ. ಸ್ಯಾಡಲ್ ಏಳದಂತೆ ತಡೆಯುವ ಕೆಳಪಟ್ಟಿ ಬೆಡ್ಡಿನ ಅಡಿಭಾಗವನ್ನು ಹಿಡಿದಿರುತ್ತದೆ, ಆ ಅಡಿಭಾಗ ಅಷ್ಟಾಗಿ ಸವೆಯುವುದಿಲ್ಲ. ಚಕ್ ಹತ್ತಿರ ಮೇಲ್ಭಾಗ ಇಳಿದು ಬೆಡ್ ಅಂಚು ತೆಳುವಾಗಿದೆ, ತುದಿಯಲ್ಲಿ ಮೂಲ ದಪ್ಪವೇ ಉಳಿದಿದೆ. ಈ ಎರಡು ದಪ್ಪಗಳನ್ನು ಮೈಕ್ರೋಮೀಟರ್‌ನಲ್ಲಿ ಅಳೆದರೆ ಸವೆತದ ಮೊದಲ ಅಂದಾಜು ಐದೇ ನಿಮಿಷದಲ್ಲಿ ಸಿಗುತ್ತದೆ.

ಪೂರ್ತಿ ನಕ್ಷೆಗೆ ಆ ಸೇತುವೆಗೇ ಒಂದು ತೋಳು ಸೇರಿಸಿ ಡಯಲ್ ಗೇಜ್ ಕಟ್ಟಿ, ಟೇಲ್‌ಸ್ಟಾಕ್ ದಾರಿ ಮೇಲೆ ಸರಿಸುತ್ತಾ ಹಿಂದಿನ ಫ್ಲಾಟ್, ವೀಯ ಮುಂದಿನ ಮುಖ, ವೀಯ ಹಿಂದಿನ ಮುಖ ಮೂರನ್ನೂ 50 ಮಿ.ಮೀ.ಗೊಮ್ಮೆ ಓದಿ ಗ್ರಾಫ್ ಹಾಳೆಯಲ್ಲಿ ಗುರುತು ಹಾಕಿ. ಸೊನ್ನೆ ಇಡುವುದು ಬೆಡ್ಡಿನ ಬಲತುದಿಯಲ್ಲಿ, ಸ್ಯಾಡಲ್ ಹೋಗದ ಜಾಗದಲ್ಲಿ. ಟೇಲ್‌ಸ್ಟಾಕ್ ದಾರಿ ನಂಬಿಕೆಗೆ ಅರ್ಹವೇ ಎಂದು ರ್‍ಯಾಕ್ (ಸ್ಯಾಡಲ್ ಓಡಿಸುವ ಹಲ್ಲಿನ ಪಟ್ಟಿ) ಕೂರುವ ಮುಖದ ಎದುರು ಹೋಲಿಸಿ. ಅಲ್ಲಿ ಏನೂ ಉಜ್ಜುವುದಿಲ್ಲ, ಮೊದಲ ದಿನದ ಪ್ಲೇನಿಂಗ್ ಹಾಗೇ ಇರುತ್ತದೆ.

ಈಗ ತೀರ್ಮಾನ. ಆಳವಾದ ಜಾಗದಲ್ಲಿ 0.03ರಿಂದ 0.04 ಒಳಗೆ ಇದ್ದರೆ ಬೆಡ್ ಮುಟ್ಟಬೇಡಿ. ಸ್ಯಾಡಲ್ ಒಂದನ್ನೇ ಸರಿಮಾಡಿ. ಪಲ್ಪರ್ ಶಾಫ್ಟಿನ ಬೇರಿಂಗ್ ಕೂರುವ ಜಾಗ 30ರಿಂದ 40 ಮಿ.ಮೀ. ಉದ್ದ, ಅಷ್ಟರಲ್ಲಿ ಈ ಸವೆತ ಕಾಣುವುದೇ ಇಲ್ಲ. 0.05ರಿಂದ 0.12 ಇದ್ದರೆ ಕೈ ಸ್ಕ್ರೇಪಿಂಗ್ ಸಾಧ್ಯ. ಅದಕ್ಕಿಂತ ಹೆಚ್ಚಿದ್ದರೆ, ಅಥವಾ ಬೆಡ್ ಹಾರ್ಡನ್ (ಕಾಸಿ ಗಟ್ಟಿ) ಮಾಡಿದ್ದಾಗಿದ್ದರೆ, ಬೆಂಗಳೂರಿನ ಪೀಣ್ಯದಂಥ ಕಡೆ ಬೆಡ್ ಗ್ರೈಂಡಿಂಗ್‌ಗೆ ಕೊಡುವುದೇ ಬುದ್ಧಿವಂತಿಕೆ. ಹಾರ್ಡ್ ಹೌದೋ ಅಲ್ಲವೋ ತಿಳಿಯಲು ಬಲತುದಿಯ ಅಂಚಿನಲ್ಲಿ ಹೊಸ ಅರ ಆಡಿಸಿ: ಕಚ್ಚಿದರೆ ಕೆರೆಯಬಹುದು, ಜಾರಿದರೆ ಇಲ್ಲ. ಗ್ರೈಂಡಿಂಗ್‌ಗೆ ಕೊಟ್ಟರೆ ಎರಡು ಷರತ್ತು ಬರೆದುಕೊಡಿ: ರ್‍ಯಾಕ್ ಮುಖಕ್ಕೆ ಸಮಾಂತರವಾಗಿ ಸೆಟ್ ಮಾಡಬೇಕು, ಬೆಡ್ಡನ್ನು ಕ್ಲಾಂಪಿನಿಂದ ಬಗ್ಗಿಸಿ ಹಿಡಿಯಬಾರದು. ಬಗ್ಗಿಸಿ ಹಿಡಿದು ತೆಗೆದದ್ದು ಕ್ಲಾಂಪ್ ಬಿಟ್ಟ ಕೂಡಲೇ ಮತ್ತೆ ಸೊಟ್ಟಗಾಗುತ್ತದೆ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್, 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ, ಇವುಗಳ ಹಳೆಯ ಲೇತುಗಳ ಬೀಡು ಅಷ್ಟು ಖರ್ಚಿಗೂ ಯೋಗ್ಯ. ತೆಳು ಬೆಡ್ಡಿನ ಹಗುರ ಲೇತಿಗೆ ಲಾರಿ ಬಾಡಿಗೆಯೂ ದಂಡ.

ಕೈಯಲ್ಲೇ ಮಾಡುವುದಾದರೆ ಮೊದಲು ಬೇಕಾದದ್ದು ನಂಬಬಹುದಾದ ನೇರ. 900ರಿಂದ 1000 ಮಿ.ಮೀ. ಉದ್ದದ ಬೀಡಿನ ಸ್ಟ್ರೈಟ್ ಎಡ್ಜ್, ಬೆನ್ನು ಉಬ್ಬಿದ ಮಾದರಿಯದು. ಹಳೆಯದು ಸಿಕ್ಕರೆ ಬೆಂಗಳೂರಿನ ತುಮಕೂರು ರಸ್ತೆಯ ಸಿಎಂಟಿಐನಂಥ (ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ) ಸಂಸ್ಥೆಯಲ್ಲಿ ಅಳೆಸಿ ವರದಿ ತೆಗೆದುಕೊಳ್ಳಿ, ಇಲ್ಲವೇ ದೊಡ್ಡ ಸರ್ಫೇಸ್ ಪ್ಲೇಟ್ ಇರುವ ಟೂಲ್ ರೂಮಿನಲ್ಲಿ ಬ್ಲೂ ಹಾಕಿ ನೋಡಿ. ಅಡುಗೆ ಕಟ್ಟೆಯ ಗ್ರಾನೈಟ್ ಹೊಳೆಯುತ್ತದೆ, ಸಮತಟ್ಟಾಗಿರುವುದಿಲ್ಲ; ಅದರ ಮೇಲೆ ಪರೀಕ್ಷಿಸಬೇಡಿ.

ಈ ಸ್ಟ್ರೈಟ್ ಎಡ್ಜ್ ಶಾಖಕ್ಕೆ ಎಷ್ಟು ಬಗ್ಗುತ್ತದೆ ಎಂಬುದನ್ನು ತಿಳಿದೇ ಕೆಲಸ ಮಾಡಬೇಕು. 900 ಮಿ.ಮೀ. ಉದ್ದ, 100 ಮಿ.ಮೀ. ಎತ್ತರದ ಬೀಡಿನ ಮೇಲಂಚು ಕೆಳಂಚಿಗಿಂತ ಒಂದೇ ಡಿಗ್ರಿ ಬಿಸಿಯಾದರೆ ಅದು ಮಧ್ಯದಲ್ಲಿ ಸುಮಾರು 0.011 ಮಿ.ಮೀ. ಬಿಲ್ಲಾಗುತ್ತದೆ. ಬರಿಗೈಯಲ್ಲಿ ಹತ್ತು ನಿಮಿಷ ಹಿಡಿದರೆ ಸಾಕು. ಮರದ ಹಿಡಿ ಕಟ್ಟಿ. ಹೆಂಚಿನ ಮಾಡಿನ ಗಾಜಿನ ಹೆಂಚಿನಿಂದ ಬೀಳುವ ಬಿಸಿಲಿನ ಕೋಲು ಬೆಡ್ ಮೇಲೆ ಬೀಳದಂತೆ ಮುಚ್ಚಿ. ಅಳತೆಯನ್ನೆಲ್ಲ ದಿನದ ಒಂದೇ ಹೊತ್ತಿನಲ್ಲಿ, ಬಿಸಿಲೇರುವ ಮುಂಚೆ ಮಾಡಿ.

ಸ್ಕ್ರೇಪರಿಗೆ 25 ಮಿ.ಮೀ. ಅಗಲದ ಕಾರ್ಬೈಡ್ ತುಂಡು ಒಳ್ಳೆಯದು. ಹಳೆಯ ಅರ ಉಜ್ಜಿ ಮಾಡಿದ್ದೂ ಕೆರೆಯುತ್ತದೆ, ಆದರೆ ಮತ್ತೆ ಮತ್ತೆ ಚೂಪು ಮಾಡಬೇಕು. ತುದಿಗೆ 60ರಿಂದ 90 ಮಿ.ಮೀ. ತ್ರಿಜ್ಯದ ಬಾಗು ಕೊಡಿ, ಡೈಮಂಡ್ ಕಲ್ಲಿನ ಮೇಲೆ ಮುಗಿಸಿ. ತುದಿ ನೇರವಾಗಿದ್ದರೆ ಮೂಲೆಗಳು ಗೀರು ಹಾಕುತ್ತವೆ.

ಬೆಡ್ಡನ್ನು ಬೇರೆ ಮೇಜಿನ ಮೇಲೆ ಎತ್ತಿಡಬೇಡಿ. ತನ್ನ ಕಾಲಿನ ಮೇಲೇ, ಲೆವೆಲ್ ಆದ ಸ್ಥಿತಿಯಲ್ಲೇ ಕೆರೆಯಬೇಕು. ಪ್ರಷ್ಯನ್ ಬ್ಲೂವನ್ನು ಸ್ಟ್ರೈಟ್ ಎಡ್ಜ್‌ಗೆ ರಬ್ಬರ್ ರೋಲರಿನಲ್ಲಿ ತೆಳ್ಳಗೆ ಹಚ್ಚಿ, ದಾರಿ ಮೇಲಿಟ್ಟು 20ರಿಂದ 30 ಮಿ.ಮೀ. ಹಿಂದೆ ಮುಂದೆ ಆಡಿಸಿ ಎತ್ತಿ. ನೀಲಿ ಹತ್ತಿದ ಜಾಗ ಎತ್ತರ, ಅದನ್ನು ಮಾತ್ರ ಕೆರೆಯಿರಿ. ಒರಟು ಹಂತದಲ್ಲಿ 8ರಿಂದ 10 ಮಿ.ಮೀ. ಉದ್ದದ ಹೊಡೆತ, ದಾರಿಗೆ 45 ಡಿಗ್ರಿ ಓರೆಯಾಗಿ. ಮುಂದಿನ ಸುತ್ತು ಅದಕ್ಕೆ ಅಡ್ಡಲಾಗಿ. ಒಂದೇ ದಿಕ್ಕಿನಲ್ಲಿ ಹೋದರೆ ಅಲೆಗಳೆದ್ದು ಸ್ಕ್ರೇಪರ್ ಕುಣಿಯಲು ಶುರುವಾಗುತ್ತದೆ, ಆಮೇಲೆ ಆ ಅಲೆ ತೆಗೆಯುವುದೇ ಒಂದು ಕೆಲಸ. ಪ್ರತಿ ಸುತ್ತಿನ ನಂತರ ಸಮತಟ್ಟಾದ ನುಣುಪು ಕಲ್ಲನ್ನು ಹಗುರವಾಗಿ ಆಡಿಸಿ ಅಂಚಿನ ಮುಳ್ಳು ತೆಗೆದು, ಬಟ್ಟೆಯಿಂದ ಒರೆಸಿ, ಕೊನೆಗೆ ಅಂಗೈಯಿಂದ ಸವರಿ. ಬಟ್ಟೆ ಬಿಟ್ಟ ಒಂದು ಕಣ ಅಂಗೈಗೆ ಗೊತ್ತಾಗುತ್ತದೆ. ಆ ಒಂದು ಕಣ ಉಳಿದರೆ ಇಡೀ ಬ್ಲೂ ಸುಳ್ಳು ಹೇಳುತ್ತದೆ.

ಬ್ಲೂಗಿಂತ ಹೆಚ್ಚು ನಿಜ ಹೇಳುವ ಪರೀಕ್ಷೆ ಇನ್ನೊಂದಿದೆ. ಸ್ಟ್ರೈಟ್ ಎಡ್ಜ್ ದಾರಿ ಮೇಲಿರುವಾಗ ಒಂದು ತುದಿಯನ್ನು ಒಂದೇ ಬೆರಳಿನಿಂದ ಪಕ್ಕಕ್ಕೆ ತಳ್ಳಿ. ಅದು ಇನ್ನೊಂದು ತುದಿಯಿಂದ ಸುಮಾರು ಮೂರನೇ ಒಂದು ಭಾಗ ದೂರದಲ್ಲಿ ತಿರುಗಿದರೆ ಮೇಲ್ಮೈ ನೇರ. ಮಧ್ಯದಲ್ಲೇ ಬುಗುರಿಯಂತೆ ತಿರುಗಿದರೆ ಮಧ್ಯ ಉಬ್ಬಿದೆ. ತೀರಾ ತುದಿಯಲ್ಲಿ ತಿರುಗಿದರೆ ಮಧ್ಯ ತಗ್ಗಿದೆ. ಎರಡೂ ಕಡೆಯಿಂದ ತಳ್ಳಿ ನೋಡಿ. ದಪ್ಪ ಬ್ಲೂ ತಗ್ಗಿಗೂ ಹತ್ತಿಕೊಂಡು ಮೋಸ ಮಾಡಬಹುದು, ಈ ತಿರುಗು ಮಾಡುವುದಿಲ್ಲ.

ಕ್ರಮ ಹೀಗಿರಲಿ: ಮೊದಲು ಹಿಂದಿನ ಫ್ಲಾಟ್, ಅದಾದ ಮೇಲೆ ವೀಯ ಒಂದು ಮುಖ, ಕೊನೆಗೆ ಇನ್ನೊಂದು. ಪ್ರತಿ ಎರಡು ಮೂರು ಸುತ್ತಿಗೊಮ್ಮೆ ಸೇತುವೆ ಮತ್ತು ಡಯಲ್‌ನಿಂದ ಟೇಲ್‌ಸ್ಟಾಕ್ ದಾರಿಗೆ ಸಮಾಂತರವೇ ಎಂದು ನೋಡಿ; ಸ್ಟ್ರೈಟ್ ಎಡ್ಜ್ ನೇರ ಹೇಳುತ್ತದೆ, ಸಮಾಂತರ ಹೇಳುವುದಿಲ್ಲ. ಹೆಡ್‌ಸ್ಟಾಕ್ ಕೂತಿರುವ ಭಾಗ ಸವೆದಿಲ್ಲ, ಅದನ್ನು ಮುಟ್ಟಬೇಡಿ. ಕೆಲಸವೆಷ್ಟು ಎಂದರೆ: ಗುಳಿ 0.09 ಆಳವಿದ್ದರೆ ಉಳಿದ ಉದ್ದವನ್ನೆಲ್ಲ ಅಷ್ಟು ಇಳಿಸಬೇಕು. ಒಂದು ಒರಟು ಸುತ್ತಿಗೆ 0.005ರಿಂದ 0.01 ಇಳಿಯುತ್ತದೆ, ಅಂದರೆ ಒಂದು ಮುಖಕ್ಕೆ ಒಂಬತ್ತರಿಂದ ಹದಿನೆಂಟು ಸುತ್ತು. ಮೂರು ಮುಖ, ಜೊತೆಗೆ ನಯ ಹಂತ. ಸಂಜೆ ಹೊತ್ತು ಮಾತ್ರ ಮಾಡುವವರಿಗೆ ಎರಡು ತಿಂಗಳು ಹಿಡಿಯುತ್ತದೆ.

25 ಮಿ.ಮೀ. ಚೌಕದಲ್ಲಿ 10ರಿಂದ 15 ಬಿಂದು, ಅರ್ಧದಷ್ಟು ಜಾಗ ನೀಲಿ ಬಂದರೆ ನಿಲ್ಲಿಸಿ. ಬಿಂದುಗಳ ನಡುವಿನ ತಗ್ಗಿನಲ್ಲೇ ಎಣ್ಣೆ ನಿಲ್ಲುವುದು. ತೀರಾ ನಯ ಮಾಡಿದರೆ ಎಣ್ಣೆ ಹಿಂಡಿಹೋಗಿ ಸ್ಯಾಡಲ್ ಜಗ್ಗಿ ಜಗ್ಗಿ ಚಲಿಸುತ್ತದೆ. ಉದ್ದದಲ್ಲಿ ಮಧ್ಯ 0.01ರಿಂದ 0.02 ಎತ್ತರ ಇದ್ದರೆ ಒಳ್ಳೆಯದೇ, ಮುಂದಿನ ಸವೆತಕ್ಕೆ ಮುಂಗಡ. ತಗ್ಗು ಮಾತ್ರ ಬೇಡ.

ಬೆಡ್ ನೇರವಾದ ಮೇಲೆ ಸ್ಯಾಡಲ್ ಇಟ್ಟರೆ ಮೊದಲಿಗಿಂತ ಹೆಚ್ಚು ಅಲುಗಾಡುತ್ತದೆ. ಹೆದರಬೇಡಿ, ಅದರ ಹೊಟ್ಟೆ ಹಳೆಯ ಗುಳಿಯ ಆಕಾರದಲ್ಲಿದೆ. ಸ್ಯಾಡಲ್ ಎಷ್ಟು ಇಳಿದಿದೆ ನೋಡಲು ಅದನ್ನು ಬಲತುದಿಗೆ ತಂದು, ಲೀಡ್ ಸ್ಕ್ರೂ (ಸ್ಯಾಡಲ್ ಎಳೆಯುವ ಉದ್ದ ಸ್ಕ್ರೂ) ಬ್ರಾಕೆಟ್ ಬಿಚ್ಚಿ, ಆ ಸ್ಕ್ರೂ ಹಿಡಿಯುವ ಹಾಫ್ ನಟ್ ಹಾಕಿ. ಬ್ರಾಕೆಟ್ಟಿನ ಡವೆಲ್ (ಜಾಗ ತಪ್ಪದಂತೆ ಹಿಡಿಯುವ ಪಿನ್) ರಂಧ್ರ ಬೆಡ್ಡಿನ ರಂಧ್ರಕ್ಕಿಂತ ಎಷ್ಟು ಕೆಳಗಿದೆಯೋ ಅದೇ ಇಳಿತ. 0.1 ಒಳಗಿದ್ದರೆ ಸ್ಯಾಡಲನ್ನು ಬೆಡ್ಡಿಗೇ ಬ್ಲೂ ಹಾಕಿ ಕೆರೆದು, ಬ್ರಾಕೆಟ್ ಮತ್ತು ಗೇರ್ ಬಾಕ್ಸನ್ನು ಅಷ್ಟು ಇಳಿಸಿ ಹೊಸ ಡವೆಲ್ ಹಾಕಿದರೆ ಮುಗಿಯಿತು.

ಹೆಚ್ಚಿದ್ದರೆ ಟರ್ಸೈಟ್ ಹಾಳೆ, ಅಂದರೆ ಕಂಚಿನ ಪುಡಿ ಬೆರೆತ ಟೆಫ್ಲಾನ್. ಇದನ್ನು ಅಂಟಿಸುವುದು ಯಾವಾಗಲೂ ಸ್ಯಾಡಲ್ ಹೊಟ್ಟೆಗೆ, ಬೆಡ್ಡಿಗಲ್ಲ. ಒಂದು ಲೆಕ್ಕ: ಒಟ್ಟು ಎತ್ತಬೇಕಾದ್ದು 0.24, ಕೆರೆಯಲು 0.08 ಸೇರಿಸಿ 0.32. ಹಾಳೆ 0.8, ಅಂಟಿನ ಪದರ 0.1, ಒಟ್ಟು 0.9. ಹಾಗಾಗಿ ಫ್ಲಾಟ್ ಕಡೆ ಮಿಲ್ಲಿಂಗ್‌ನಲ್ಲಿ 0.58 ತೆಗೆಯಬೇಕು. ವೀ ಕಡೆ ಅದೇ 0.58 ತೆಗೆದರೆ ಕೆಡುತ್ತದೆ. 90 ಡಿಗ್ರಿ ವೀಯಲ್ಲಿ ಮುಖಕ್ಕೆ ಲಂಬವಾಗಿ ಹಾಕಿದ ದಪ್ಪ ಸ್ಯಾಡಲನ್ನು 1.41 ಪಟ್ಟು ಎತ್ತುತ್ತದೆ, 0.32 ಎತ್ತಲು ಮುಖದ ಮೇಲೆ 0.23 ಮಾತ್ರ ಹೆಚ್ಚಿರಬೇಕು, ಆದ್ದರಿಂದ ಅಲ್ಲಿ 0.67 ತೆಗೆಯಬೇಕು. ಈ ವ್ಯತ್ಯಾಸ ಮರೆತರೆ ಸ್ಯಾಡಲ್ ಮುಂಭಾಗ ಎತ್ತಿಕೊಂಡು ವಾಲಿ ಕೂರುತ್ತದೆ, ಏಪ್ರನ್ ಮುಖ ಲೀಡ್ ಸ್ಕ್ರೂಗೆ ಹೊಂದುವುದಿಲ್ಲ.

ಹಾಳೆಯ ಗಾಢ ಬಣ್ಣದ, ಸೋಡಿಯಂ ದ್ರಾವಣದಿಂದ ತಿನ್ನಿಸಿದ ಮುಖ ಮಾತ್ರ ಅಂಟು ಹಿಡಿಯುತ್ತದೆ. ಬೀಡಿನ ಮುಖ ಒರಟಾಗಿರಲಿ, ಅಸಿಟೋನ್‌ನಲ್ಲಿ ಎರಡು ಸಲ ತೊಳೆಯಿರಿ. ಹಳೆಯ ಬೀಡು ಎಣ್ಣೆ ಕುಡಿದಿರುತ್ತದೆ. ಎಪಾಕ್ಸಿ ಹಚ್ಚಿ, ಬೆಡ್ ಮೇಲೆ ಮೇಣದ ಕಾಗದ ಹಾಸಿ, ಸ್ಯಾಡಲನ್ನು ಅದರ ಮೇಲೇ ಕೂರಿಸಿ ತೂಕ ಹೇರಿ 24 ಗಂಟೆ ಬಿಡಿ. ಶೆಡ್ಡಿನಲ್ಲಿ 20 ಡಿಗ್ರಿಗಿಂತ ಕಡಿಮೆ ಇರಬಾರದು. ಜುಲೈ ತಿಂಗಳ ತೇವದಲ್ಲಿ, ಜನವರಿಯ ಚಳಿ ರಾತ್ರಿಯಲ್ಲಿ ಈ ಕೆಲಸ ಬೇಡ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಸರಿಯಾದ ಕಾಲ. ಎಣ್ಣೆ ಹರಿಯಲು ಕೊರೆಯುವ ತೋಡುಗಳ ಆಳ ಹಾಳೆಯ ಅರ್ಧ ದಪ್ಪ ಮೀರದಿರಲಿ, ಅಂಚಿಗೆ 6 ಮಿ.ಮೀ. ಮೊದಲೇ ನಿಲ್ಲಲಿ.

ಸ್ಯಾಡಲ್ ಕೆರೆಯುವಾಗಲೇ ಕ್ರಾಸ್ ಸ್ಲೈಡಿನ ಲಂಬವನ್ನೂ ಹಿಡಿಯಬೇಕು. 200 ಮಿ.ಮೀ. ಬಿಲ್ಲೆಯನ್ನು ಫೇಸಿಂಗ್ ಮಾಡಿ (ಮುಂದಿನ ಮುಖವನ್ನು ಸಮತಟ್ಟಾಗಿ ತೆಗೆದು), ಕ್ರಾಸ್ ಸ್ಲೈಡಿಗೆ ಡಯಲ್ ಕಟ್ಟಿ ಮಧ್ಯ ದಾಟಿಸಿ ಹಿಂದಿನ ಅರ್ಧದ ಮೇಲೆ ಓದಿ. ಡಯಲ್ ತೋರಿಸುವುದು ನಿಜವಾದ ದೋಷದ ಎರಡರಷ್ಟು. ಮುಖ 300 ಮಿ.ಮೀ. ವ್ಯಾಸಕ್ಕೆ 0.02 ತನಕ ಒಳಗುಳಿ ಇರಬಹುದು, ಉಬ್ಬು ಇರಬಾರದು. ಟೇಲ್‌ಸ್ಟಾಕ್ ಸುಲಭ: ಅದರ ತಳ ಸವೆದು ಸೆಂಟರ್ ಇಳಿದಿದ್ದರೆ ತಳಕ್ಕೂ ಮೈಗೂ ನಡುವೆ ಶಿಮ್ (ತೆಳು ತಗಡು) ಹಾಕಿ, ಸ್ಪಿಂಡಲಿಗಿಂತ 0.02 ಎತ್ತರ ಬಿಡಿ.

ಎಲ್ಲ ಜೋಡಿಸಿದ ಮೇಲೆ ಸ್ಯಾಡಲಿನ ನಾಲ್ಕೂ ಮೂಲೆಗೆ ಹೊಸ ಫೆಲ್ಟ್ ವೈಪರ್ ಹಾಕಿ, ವಿಜಿ 68 ವೇ ಆಯಿಲ್ ಬಳಸಿ. ಗ್ರೀಸ್ ಹಚ್ಚಬೇಡಿ, ಬೀಡಿನ ಪುಡಿಯನ್ನು ಹಿಡಿದಿಟ್ಟುಕೊಂಡು ಅದೇ ಪೇಸ್ಟಾಗುತ್ತದೆ. ಕಾಫಿ ಗೋಣಿಚೀಲ ಹೊದಿಸಿಡುವ ಅಭ್ಯಾಸವಿದ್ದರೆ ಬಿಡಿ: ಮಳೆಗಾಲದಲ್ಲಿ ಗೋಣಿ ತೇವ ಹೀರಿ ಬೆಡ್ಡಿಗೇ ಅಂಟಿಸುತ್ತದೆ, ಒಂದೇ ವಾರದಲ್ಲಿ ಕೆರೆದ ಬಿಂದುಗಳ ಮೇಲೆ ತುಕ್ಕು ಕೂರುತ್ತದೆ. ಎಣ್ಣೆ ಸವರಿ, ಗಾಳಿಯಾಡುವ ಹತ್ತಿ ಬಟ್ಟೆ ಸಾಕು. ಎರಡು ಕಾಲರಿನ ಪರೀಕ್ಷೆಯ ರಾಡನ್ನು ಎತ್ತಿಡಿ. ಜೂನ್ ಮಳೆಗೆ ಮುಂಚೆ ಒಮ್ಮೆ, ನೆಲ ಒಣಗಿದ ಮೇಲೆ ಡಿಸೆಂಬರಿನಲ್ಲಿ ಇನ್ನೊಮ್ಮೆ ಅದರ ಮೇಲೆ ಕಟ್ ಹಾಕಿ ನೋಡಿ, 150 ಮಿ.ಮೀ.ಗೆ 0.01ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಮೊದಲು ಕಾಲಿನ ಬೋಲ್ಟುಗಳ ಹತ್ತಿರ ಹೋಗಿ.